‘ಆಟ ಸಾಕು, ಓದ್ಕೋ’ ಅನ್ನೋ ಮುನ್ನ

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಬಹಳ ಜನ ಒಂದು ಕೆಲಸ ತಪ್ಪದೇ ಮಾಡ್ತೀವಿ. ಓಣಿಯಲ್ಲಿ ಆಡ್ತಿರೋ ತಮ್ಮನನ್ನೋ ತಂಗಿಯನ್ನೋ ಕರೆದು, "ಆಟ ಸಾಕು, ಓದ್ಕೋ" ಅಂತೀವಿ. ಎಂಜಿನಿಯರಿಂಗ್ ಓದೋ ಅಣ್ಣ, ಅಕ್ಕ ಹೇಳಿದ್ರು ಅಂದ್ರೆ ಮನೆಯಲ್ಲಿ ಆ ಮಾತಿಗೆ ತೂಕ ಜಾಸ್ತಿ. ಹಾಗಾಗಿ ಹೇಳೋ ಮುನ್ನ ಸ್ವಲ್ಪ ಯೋಚಿಸೋಣ.

ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಂಥ ಊರಲ್ಲಿ ಲಗೋರಿ ಆಡಲು ಏನು ಬೇಕು? ಏಳು ಚಪ್ಪಟೆ ಕಲ್ಲು, ಒಂದು ಚೆಂಡು, ಒಂದಿಷ್ಟು ಬಯಲು. ಅಷ್ಟರಲ್ಲೇ ಮಕ್ಕಳು ಓಡ್ತಾರೆ, ಬಗ್ಗುತ್ತಾರೆ, ಗುರಿ ಇಟ್ಟು ಹೊಡೀತಾರೆ, ಚೆಂಡು ತಪ್ಪಿಸಿಕೊಳ್ತಾರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಕುಂಟಾಬಿಲ್ಲೆಯಲ್ಲಿ ಜಿಗಿದಾಗ ಮೂಳೆಯ ಮೇಲೆ ಭಾರ ಬೀಳುತ್ತೆ. ಬೆಳೆಯೋ ವಯಸ್ಸಿನಲ್ಲಿ ಮೂಳೆ ಗಟ್ಟಿಯಾಗಲು ಅದೇ ಬೇಕು.

ಕಣ್ಣಿಗೂ ಲಾಭ ಇದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಾ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಅಲ್ಲಿ ಶೇ. 30.4ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದಿತ್ತು. ಉಳಿದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ. ಕನ್ನಡಕ ಹಾಕ್ಕೊಂಡು ಇದನ್ನು ಓದ್ತಿರೋರು ಗಮನಿಸಿ!

ಇನ್ನು ಮನಸ್ಸಿನ ವಿಷಯ. "ನೀ ಔಟು", "ಇಲ್ಲ, ಚೆಂಡು ತಾಗಿಲ್ಲ" ಅನ್ನೋ ಜಗಳ ನಮಗೆ ಬರೀ ಗಲಾಟೆ. ಆದರೆ ಅಲ್ಲಿ ಅಂಪೈರ್ ಇರಲ್ಲ. ಜಗಳ ಬಗೆಹರಿಯದಿದ್ದರೆ ಆಟವೇ ನಿಲ್ಲುತ್ತೆ. ಹಾಗಾಗಿ ಸೋಲೊಪ್ಪೋದು, ಸಿಟ್ಟು ತಡೆಯೋದು, ಚಿಕ್ಕವರಿಗೆ ರಿಯಾಯಿತಿ ಕೊಡೋದು, ಎಲ್ಲವನ್ನೂ ಮಕ್ಕಳು ತಾವೇ ಕಲೀತಾರೆ. ಇದನ್ನು ಟ್ಯೂಷನ್‌ನಲ್ಲಿ ಹೇಳಿಕೊಡಲು ಆಗಲ್ಲ.

ಆಟದಿಂದ ಓದು ಕೆಡುತ್ತೆ ಅನ್ನೋ ಭಯಕ್ಕೆ ನಮ್ಮ ರಾಜ್ಯದಲ್ಲೇ ಉತ್ತರ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಆಟ, ಹಾಡುಗಳ ಮೂಲಕವೇ ಅಕ್ಷರ, ಲೆಕ್ಕ ಕಲಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲೆಗೆ ಬೇಕಾದ ಸೌಲಭ್ಯಗಳಲ್ಲಿ ಆಟದ ಮೈದಾನವನ್ನು ಸೇರಿಸಿದೆ.

ಹಾಗಂತ ಅಡ್ಡಿಗಳೇ ಇಲ್ಲ ಅಂತಲ್ಲ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಕಾಲುವೆ ಇರೋ ಕಡೆ ಪುಟ್ಟ ಮಕ್ಕಳನ್ನು ಒಬ್ಬೊಬ್ಬರೇ ಬಿಡೋ ಹಾಗಿಲ್ಲ. ಮನೆಗೆಲಸ ಅಂತ ಹೆಣ್ಮಕ್ಕಳ ಆಟ ಹುಡುಗ್ರಿಗಿಂತ ಬೇಗ ನಿಲ್ಲುತ್ತೆ. ಇವೆಲ್ಲ ದೊಡ್ಡವರು ಸರಿಮಾಡಬೇಕಾದ ಸಮಸ್ಯೆಗಳು. ಇದಕ್ಕಾಗಿ ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಒಳಗೆ ಕೂರಿಸೋದು ಪರಿಹಾರ ಅಲ್ಲ.

ಈ ಸಲ ಊರಿಗೆ ಹೋದಾಗ ಹೀಗೆ ಮಾಡೋಣ. ಬಿಸಿಲು ಇಳಿದ ಮೇಲೆ ಒಂದು ತಾಸು ಮಕ್ಕಳ ಜೊತೆ ಬಯಲಿಗೆ ಹೋಗೋಣ. ತಂಗಿಯ ಪಾಲಿನ ಪಾತ್ರೆ ಅವತ್ತು ನಾವೇ ತೊಳೆಯೋಣ. ನೀರಿನ ಬಾಟಲಿ ಹಿಡಿದು ದೂರ ಕೂತು ಕಣ್ಣಿಡೋಣ. ಔಟೋ ಅಲ್ಲವೋ ಅಂತ ತೀರ್ಪು ಕೊಡೋಕೆ ಮಾತ್ರ ಹೋಗೋದು ಬೇಡ. ಅದನ್ನ ಅವರೇ ನೋಡ್ಕೊಳ್ತಾರೆ.