ಕಾರಾಪುರದಿಂದ ಹಾಲಿವುಡ್‌ಗೆ: ಮಾವುತನ ಮಗ ಸಾಬು ಏರಿದ ಎತ್ತರ

ಕಬಿನಿ ಹಿನ್ನೀರಿನಲ್ಲಿ ಆನೆಗಳ ಹಿಂಡನ್ನು ನೋಡಲು ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಬರುವ ಪ್ರವಾಸಿಗರಿಗೆ ಲೆಕ್ಕವಿಲ್ಲ. ಆದರೆ ಹಾಲಿವುಡ್‌ನಲ್ಲಿ ತಾರಾಪಟ್ಟಕ್ಕೇರಿದ ಭಾರತದ ಮೊದಲ ನಟ ಹುಟ್ಟಿದ್ದು ಇದೇ ಊರಿನಲ್ಲಿ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಆ ನಟನೇ ಸಾಬು.

1924ರ ಜನವರಿ 27ರಂದು ಜನಿಸಿದ ಸಾಬು ಅವರ ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡ ಬಾಲಕನಿಗೆ ಅರಮನೆಯ ಆನೆ ಲಾಯವೇ ಆಸರೆಯಾಯಿತು. ಅಕ್ಷರಕ್ಕಿಂತ ಮೊದಲು ಆತ ಕಲಿತದ್ದು ಆನೆಯ ಭಾಷೆ.

ರುಡ್ಯಾರ್ಡ್ ಕಿಪ್ಲಿಂಗ್ ಅವರ ಕಥೆಯೊಂದನ್ನು ತೆರೆಗೆ ತರಲು ಸಾಕ್ಷ್ಯಚಿತ್ರಗಳ ಹರಿಕಾರ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡು ಆಗಿನ್ನೂ ಒಂದು ವರ್ಷವಷ್ಟೇ ಕಳೆದಿತ್ತು. ಆನೆಯ ಮೇಲೆ ಅಂಜಿಕೆಯಿಲ್ಲದೆ ಕೂರಬಲ್ಲ ಹುಡುಗನಿಗಾಗಿ ನಡೆದ ಹುಡುಕಾಟ ಸಾಬುವಿನಲ್ಲಿ ಕೊನೆಗೊಂಡಿತು. ಹೊರಾಂಗಣ ಚಿತ್ರೀಕರಣ ಮುಗಿದ ನಂತರ ಅಣ್ಣನೊಂದಿಗೆ ಹಡಗು ಹತ್ತಿದ ಬಾಲಕ ಇಂಗ್ಲೆಂಡ್ ತಲುಪಿದ. ಉಳಿದ ದೃಶ್ಯಗಳು ಅಲ್ಲಿನ ಡೆನ್‌ಹಮ್ ಸ್ಟುಡಿಯೋದಲ್ಲಿ ತಯಾರಾದವು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿ ಪ್ರಶಸ್ತಿ ಗಳಿಸಿತು. ಅನಾಥ ಬಾಲಕ ದಿನ ಬೆಳಗಾಗುವುದರೊಳಗೆ ಜಗತ್ಪ್ರಸಿದ್ಧನಾದ.

ಕೀರ್ತಿ ಮತ್ತು ಪ್ರತಿಭಟನೆ

ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಮುಂದಿನ ಚಿತ್ರಗಳನ್ನು ಸಾಬುವಿಗಾಗಿಯೇ ರೂಪಿಸಿದರು. ಆದರೆ ವಾಯವ್ಯ ಗಡಿನಾಡಿನ ಕಥೆಯುಳ್ಳ ‘ದಿ ಡ್ರಮ್’ 1938ರಲ್ಲಿ ಮುಂಬಯಿಯಲ್ಲಿ ಪ್ರದರ್ಶನಗೊಂಡಾಗ ಜನ ಬೀದಿಗಿಳಿದರು. ಬ್ರಿಟಿಷ್ ಆಳ್ವಿಕೆಯನ್ನು ವೈಭವೀಕರಿಸುವ ಚಿತ್ರವೆಂಬುದು ಅವರ ಆಕ್ಷೇಪವಾಗಿತ್ತು. ಲಂಡನ್ನಿನಲ್ಲಿ ಸಾಬುವಿಗೆ ಕೀರ್ತಿ ತಂದ ಪಾತ್ರ ಸ್ವದೇಶದಲ್ಲಿ ಸಿಟ್ಟಿಗೆ ಗುರಿಯಾಯಿತು.

ಎರಡನೇ ಮಹಾಯುದ್ಧ ಆರಂಭವಾದದ್ದರಿಂದ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರವನ್ನು ಅಮೆರಿಕದಲ್ಲಿ ಪೂರ್ಣಗೊಳಿಸಬೇಕಾಯಿತು. 1940ರಲ್ಲಿ ಬಿಡುಗಡೆಯಾದ ಈ ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿಗಳು ಸಂದವು. 1942ರ ‘ಜಂಗಲ್ ಬುಕ್’ನಲ್ಲಿ ಸಾಬು ಮೊಗ್ಲಿಯಾದರು. ಹಾಲಿವುಡ್‌ನ ವಿಪರ್ಯಾಸವೂ ಇದೇ ಚಿತ್ರದಲ್ಲಿ ಎದ್ದು ಕಾಣುತ್ತದೆ. ಮೊಗ್ಲಿಯ ತಾಯಿಯ ಪಾತ್ರ ವಹಿಸಿದವರು ಅಮೆರಿಕದ ನಟಿ ರೋಸ್‌ಮೆರಿ ಡಿಕ್ಯಾಂಪ್. ಬೇಟೆಗಾರ ಬುಲ್ದೇವನಾದವರು ಮಾಲ್ಟಾ ಮೂಲದ ಜೋಸೆಫ್ ಕಲೇಯ. ಭಾರತೀಯರ ಪಾತ್ರಗಳಿಗೆ ಬಿಳಿಯರ ಮುಖಕ್ಕೆ ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ ನಿಜವಾದ ಭಾರತೀಯನೊಬ್ಬ ನಾಯಕನಾಗಿ ನಿಂತದ್ದು ಸಣ್ಣ ಸಂಗತಿಯಲ್ಲ.

ಬೆಳೆದ ಹುಡುಗನಿಗೆ ಪಾತ್ರವಿಲ್ಲ

ಬಾಲಕ ಯುವಕನಾಗುತ್ತಿದ್ದಂತೆ ತೊಡಕು ಶುರುವಾಯಿತು. ‘ಅರೇಬಿಯನ್ ನೈಟ್ಸ್’ (1942), ‘ಕೋಬ್ರಾ ವುಮನ್’ (1944) ಮೊದಲಾದ ವರ್ಣಚಿತ್ರಗಳಲ್ಲಿ ನಾಯಕನ ಸ್ಥಾನ ಜಾನ್ ಹಾಲ್ ಪಾಲಾಯಿತು. ಸಾಬುವಿಗೆ ಉಳಿದದ್ದು ಬೆನ್ನಿಗೆ ನಿಲ್ಲುವ ಗೆಳೆಯನ ಪಾತ್ರ. ಮುಂಡಾಸು, ಹುಲಿ, ಆನೆಗಳಾಚೆಗೆ ಈ ನಟನನ್ನು ಕಲ್ಪಿಸಿಕೊಳ್ಳಲು ಹಾಲಿವುಡ್ ಸಿದ್ಧವಿರಲಿಲ್ಲ.

1944ರಲ್ಲಿ ಅಮೆರಿಕದ ಪೌರತ್ವ ಪಡೆದ ಅವರು ಅಲ್ಲಿನ ಸೇನೆಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದರು. ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ತೋರಿದ ಶೌರ್ಯಕ್ಕೆ ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಲಭಿಸಿತು. ತೆರೆಯ ಮೇಲೆ ಸಿಗದ ನಾಯಕತ್ವವನ್ನು ಅವರು ಯುದ್ಧಭೂಮಿಯಲ್ಲಿ ಗಳಿಸಿದರು.

ಯುದ್ಧಾನಂತರ ಬಂದ ‘ಬ್ಲ್ಯಾಕ್ ನಾರ್ಸಿಸಸ್’ (1947) ಅವರ ವೃತ್ತಿಜೀವನದ ಕೊನೆಯ ಮಹತ್ವದ ಚಿತ್ರ. ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಕಲಿಯಲು ಬರುವ ರಾಜಕುಮಾರನ ಪಾತ್ರವನ್ನು ಅವರು ಲವಲವಿಕೆಯಿಂದ ನಿರ್ವಹಿಸಿದರು. ನಂತರದ ಚಿತ್ರಗಳು ಅವರ ಪ್ರತಿಭೆಗೆ ತಕ್ಕವುಗಳಾಗಿರಲಿಲ್ಲ. ಯೂರೋಪಿನತ್ತ ಮುಖ ಮಾಡಿದಾಗಲೂ ಆನೆ ಬೆನ್ನು ಬಿಡಲಿಲ್ಲ. 1952ರಲ್ಲಿ ಇಟಲಿಯಲ್ಲಿ ಅವರು ನಟಿಸಿದ ಚಿತ್ರದ ಹೆಸರೇ ‘ಶುಭೋದಯ, ಆನೆ’ ಎಂಬ ಅರ್ಥದ್ದು.

ಕೈತಪ್ಪಿದ ತವರು

ತಾಯ್ನಾಡಿನಲ್ಲಿ ನಟಿಸುವ ಅವಕಾಶವೊಂದು ಸಮೀಪಕ್ಕೆ ಬಂದಿತ್ತು. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬು ಅವರನ್ನು. ಆದರೆ ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯಲಿಲ್ಲ. ಆ ಪಾತ್ರ ಸುನೀಲ್ ದತ್ ಅವರದಾಯಿತು. ಸಾಬು ನಾಯಕನಾದ ಭಾರತೀಯ ಚಿತ್ರ ಕೊನೆಗೂ ಬರಲಿಲ್ಲ.

ಹಾಲಿವುಡ್‌ನ ಪ್ರಸಿದ್ಧ ‘ವಾಕ್ ಆಫ್ ಫೇಮ್’ ಪಾದಚಾರಿ ಮಾರ್ಗದಲ್ಲಿ ಸಾಬು ಹೆಸರಿನ ನಕ್ಷತ್ರವಿದೆ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ಅವರು ನಿಧನರಾದಾಗ ವಯಸ್ಸು ಕೇವಲ 39. ಮರುವರ್ಷ ಬಿಡುಗಡೆಯಾದ ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ಅವರ ಕೊನೆಯ ಚಿತ್ರ. ಅದರಲ್ಲೂ ಅವರದು ಸರ್ಕಸ್‌ನಲ್ಲಿ ಪ್ರಾಣಿಗಳನ್ನು ಪಳಗಿಸುವ ಭಾರತೀಯನ ಪಾತ್ರ. ಹಾಲಿವುಡ್ ಅವರಿಗೆ ಮೊದಲ ಬಾರಿ ತೊಡಿಸಿದ ವೇಷ ಕೊನೆಯವರೆಗೂ ಕಳಚಲಿಲ್ಲ. ಆ ವೇಷದೊಳಗಿದ್ದ ಕಾರಾಪುರದ ಹುಡುಗನನ್ನು ನೆನೆಯಬೇಕಾದ ಹೊಣೆ ಮಾತ್ರ ತವರಿನದು.