ಪ್ಯಾಚ್ ಅಂಟಿದಷ್ಟೇ ಔಷಧಿ

ಮಾತ್ರೆ ಗೊತ್ತು, ಸಿರಪ್ ಗೊತ್ತು, ಇಂಜೆಕ್ಷನ್ ಅಂತೂ ಚೆನ್ನಾಗಿ ಗೊತ್ತು. ಆದ್ರೆ ಚರ್ಮದ ಮೇಲೆ ಸ್ಟಿಕ್ಕರ್ ತರ ಅಂಟಿಸಿಕೊಂಡರೆ ಗಂಟೆಗಟ್ಟಲೆ ನಿಧಾನವಾಗಿ ಔಷಧಿ ಒಳಗೆ ಬಿಡೋ ಪ್ಯಾಚ್ ನೋಡಿದ್ದೀರಾ? ಅಮೆರಿಕದಲ್ಲಿ 1979ರಲ್ಲಿ ಇಂಥ ಮೊದಲ ಪ್ಯಾಚ್‌ಗೆ ಒಪ್ಪಿಗೆ ಸಿಕ್ಕಿತು. ಪ್ರಯಾಣದಲ್ಲಿ ವಾಂತಿ ಬರದೇ ಇರಲಿ ಅಂತ ಕಿವಿಯ ಹಿಂದೆ ಅಂಟಿಸೋ ಸ್ಕೋಪೋಲಮೈನ್ ಪ್ಯಾಚ್ ಅದು. ಈಗ ತಂಬಾಕು ಬಿಡೋರಿಗೆ ನಿಕೋಟಿನ್ ಪ್ಯಾಚ್ ಇದೆ, ಕ್ಯಾನ್ಸರ್ ನೋವಿಗೆ ಫೆಂಟನಿಲ್ ಪ್ಯಾಚ್ ಇದೆ.

ಇದು ಫಾರ್ಮಸಿಯವರ ವಿಷಯ, ನಮಗೇನು ಕೆಲಸ ಅಂತ ಅನ್ನಿಸಬಹುದು. ಆದ್ರೆ ಆ ಪ್ಯಾಚ್ ಬೆವರಿಗೆ ಬಿಚ್ಚಿಕೊಂಡರೆ? ಬಗ್ಗಿ ಎದ್ದಾಗ ಅಂಚು ಎದ್ದುಬಿಟ್ಟರೆ? ಆಗ ಅದು ನಾವು ಕ್ಲಾಸಿನಲ್ಲಿ ಓದೋ ಸ್ಟ್ರೆಸ್, ಸ್ಟ್ರೇನ್, ಮಾಡ್ಯುಲಸ್‌ಗಳ ವಿಷಯ. ಅದಕ್ಕೇ ಈ ಲೇಖನ.

ಅಂಟು ಅಂದ್ರೆ ಡೋಸ್

ನಿಕೋಟಿನ್ ಪ್ಯಾಚ್‌ನ ಒಂದು ಪ್ರಸಿದ್ಧ ಮಾದರಿ ಮೂರು ಸೈಜಿನಲ್ಲಿ ಬರತ್ತೆ. 30 ಚದರ ಸೆಂಟಿಮೀಟರ್‌ನದು ದಿನಕ್ಕೆ 21 ಮಿಲಿಗ್ರಾಂ ಕೊಡತ್ತೆ, 20ರದು 14, 10ರದು 7. ಭಾಗಿಸಿ ನೋಡಿ, ಮೂರಕ್ಕೂ ಚದರ ಸೆಂಟಿಮೀಟರ್‌ಗೆ 0.7 ಮಿಲಿಗ್ರಾಂ. ಅಂದ್ರೆ ಡೋಸ್ ನಿರ್ಧಾರ ಆಗೋದು ಚರ್ಮಕ್ಕೆ ತಾಗಿರುವ ವಿಸ್ತೀರ್ಣದ ಮೇಲೆ. ಈಗ ದೊಡ್ಡ ಪ್ಯಾಚ್‌ನ ಮೂರನೇ ಒಂದು ಭಾಗ ಬೆಳಿಗ್ಗೆಯೇ ಎದ್ದು ನಿಂತಿದೆ ಅಂದುಕೊಳ್ಳಿ. ರೋಗಿ ದುಡ್ಡು ಕೊಟ್ಟಿದ್ದು 21ಕ್ಕೆ, ಸಿಗ್ತಿರೋದು ಹೆಚ್ಚುಕಡಿಮೆ 14. ಸಂಜೆ ತಂಬಾಕಿನ ಚಟ ಎಳೆದರೆ ‘ಈ ಪ್ಯಾಚ್ ಕೆಲಸ ಮಾಡಲ್ಲ’ ಅಂತ ಅವರು ಬಿಟ್ಟುಬಿಡ್ತಾರೆ. ಕೆಲಸ ಮಾಡದೇ ಇದ್ದದ್ದು ಔಷಧಿ ಅಲ್ಲ, ಅಂಟು. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 22.8% ಜನ ತಂಬಾಕು ಬಳಸ್ತಾರೆ. ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಬಿದ್ದ ಪ್ಯಾಚ್‌ನಿಂದ ಇನ್ನೂ ದೊಡ್ಡ ಅಪಾಯ ಇದೆ. ಬಳಸಿದ ಪ್ಯಾಚ್‌ನಲ್ಲೂ ಔಷಧಿ ಉಳಿದಿರತ್ತೆ. ಫೆಂಟನಿಲ್ ಪ್ಯಾಚ್ ಚಿಕ್ಕ ಮಕ್ಕಳ ಕೈಗೆ ಸಿಕ್ಕಿ ಸಾವು ಸಂಭವಿಸಿದ ಬಗ್ಗೆ ಅಮೆರಿಕದ ಎಫ್‌ಡಿಎ 2012ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ರೊಟ್ಟಿ ಹಿಟ್ಟಿನ ಫಿಸಿಕ್ಸ್

ಪ್ಯಾಚ್‌ನ ಅಂಟು ಫೆವಿಕಾಲ್ ತರ ಒಣಗಿ ಗಟ್ಟಿಯಾಗೋದಲ್ಲ. ಒತ್ತಿದರೆ ಸಾಕು, ಹಿಡಿಯತ್ತೆ. ಅರ್ಧ ದ್ರವ, ಅರ್ಧ ಘನ ಅನ್ನಿ. ಜೋಳದ ರೊಟ್ಟಿಗೆ ಹಿಟ್ಟು ನಾದೋದನ್ನ ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗತ್ತೆ. ನೀರು ಕಡಿಮೆ ಆದ್ರೆ ಹಿಟ್ಟು ಕೈಗೆ ಅಂಟಲ್ಲ, ಬಿರುಕು ಬಿಡತ್ತೆ. ನೀರು ಜಾಸ್ತಿ ಆದ್ರೆ ಕೈಗೆ ಮೆತ್ತಿಕೊಂಡು ಎಳೆದಾಗ ಅರ್ಧ ಕೈಯಲ್ಲೇ ಉಳಿಯತ್ತೆ. ಪ್ಯಾಚ್‌ದೂ ಇದೇ ಕಥೆ. ತುಂಬ ಗಟ್ಟಿ ಅಂಟು ಚರ್ಮದ ಸಣ್ಣ ಗೆರೆಗಳೊಳಗೆ ಇಳಿಯಲ್ಲ. ತುಂಬ ಮೆತ್ತಗಿನದು ಇಳಿಯತ್ತೆ, ಆದ್ರೆ ತನ್ನೊಳಗೇ ಹರಿದು ಜಾರತ್ತೆ, ತೆಗೆದಾಗ ಚರ್ಮದ ಮೇಲೆ ಜಿಗುಟು ಬಿಡತ್ತೆ. 3ಎಂ ಕಂಪನಿಯ ಕಾರ್ಲ್ ಡಾಲ್ಕ್ವಿಸ್ಟ್ ಇದಕ್ಕೊಂದು ಅಳತೆ ಕೊಟ್ಟರು. ಅಂಟಿನ ಮಾಡ್ಯುಲಸ್ ಸುಮಾರು 0.3 ಮೆಗಾಪಾಸ್ಕಲ್‌ಗಿಂತ ಹೆಚ್ಚಿದ್ದರೆ ಒತ್ತಿದರೂ ಅದು ಸರಿಯಾಗಿ ಹಿಡಿಯೋದಿಲ್ಲ.

ಲ್ಯಾಬಿನಲ್ಲಿ ಇದನ್ನ ಮೂರು ರೀತಿ ಅಳೀತಾರೆ. ಟ್ಯಾಕ್ ಟೆಸ್ಟ್‌ನಲ್ಲಿ ಮುಟ್ಟಿದ ತಕ್ಷಣ ಎಷ್ಟು ಹಿಡೀತು ಅಂತ ನೋಡ್ತಾರೆ. ಒಂದು ಇಳಿಜಾರಿನಿಂದ ಉಕ್ಕಿನ ಗುಂಡು ಬಿಟ್ಟು, ಅಂಟಿನ ಮೇಲೆ ಅದು ಎಷ್ಟು ದೂರ ಉರುಳಿ ನಿಲ್ಲತ್ತೆ ಅಂತ ಅಳೆಯೋದು ಇದರ ಒಂದು ವಿಧಾನ. ಪೀಲ್ ಟೆಸ್ಟ್‌ನಲ್ಲಿ 90 ಅಥವಾ 180 ಡಿಗ್ರಿ ಕೋನದಲ್ಲಿ, ಸಾಮಾನ್ಯವಾಗಿ ನಿಮಿಷಕ್ಕೆ 300 ಮಿಲಿಮೀಟರ್ ವೇಗದಲ್ಲಿ ಎಳೆದು ಎಷ್ಟು ಬಲ ಬೇಕಾಯ್ತು ಅಂತ ನೋಡ್ತಾರೆ. ಶಿಯರ್ ಟೆಸ್ಟ್‌ನಲ್ಲಿ ನೆಟ್ಟಗೆ ನಿಂತ ಪ್ಲೇಟಿಗೆ ಅಂಟಿಸಿ, ಕೆಳಗೆ ತೂಕ ಕಟ್ಟಿ, ಎಷ್ಟು ಹೊತ್ತಿಗೆ ಜಾರಿ ಬೀಳತ್ತೆ ಅಂತ ಕಾಯ್ತಾರೆ.

ಸ್ಟೀಲ್ ಬೆವರೋದಿಲ್ಲ

ಇಲ್ಲಿ ಒಂದು ಸಮಸ್ಯೆ ಇದೆ. ಈ ಟೆಸ್ಟ್‌ಗಳು ಹೆಚ್ಚಾಗಿ ನಡೆಯೋದು ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟ್ ಮೇಲೆ, 23 ಡಿಗ್ರಿ ಸೆಲ್ಸಿಯಸ್ ಮತ್ತು 50% ತೇವಾಂಶ ಇರೋ ಕೋಣೆಯಲ್ಲಿ. ಈ ಪ್ಯಾಚನ್ನ ಜಾಲಹಳ್ಳಿಗೆ ತಗೊಂಡು ಹೋಗೋಣ. ಬೆಂಗಳೂರಿನ ಜಾಲಹಳ್ಳಿ ಅಲ್ಲ, ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನದು. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಉದ್ಯೋಗ ಖಾತರಿ ಕೆಲಸದಲ್ಲಿ ಮಣ್ಣು ಹೊರುವ ಹೆಣ್ಣುಮಗಳ ಸೊಂಟದ ಮೇಲೆ ಆ ಪ್ಯಾಚ್ ಇದೆ ಅಂದುಕೊಳ್ಳಿ. ಅಥವಾ ಕಾಲುವೆ ನೀರಿನ ಗದ್ದೆಯಲ್ಲಿ ಬಗ್ಗಿ ಭತ್ತ ನಾಟಿ ಮಾಡೋರ, ಹತ್ತಿ ಬಿಡಿಸೋರ ತೋಳಿನ ಮೇಲೆ.

ಅಲ್ಲಿ ಮೂರು ಕಷ್ಟ ಒಟ್ಟಿಗೆ ಬರತ್ತೆ. ಮೊದಲನೇದು ಬಿಸಿ. ಬಿಸಿಗೆ ಅಂಟು ಮೆತ್ತಗಾಗಿ ಜಾರತ್ತೆ. ಎರಡನೇದು ಚಲನೆ. ಬಗ್ಗಿದಾಗ ಚರ್ಮ ಹಿಗ್ಗತ್ತೆ, ಪ್ಯಾಚ್‌ನ ಹಿಂಭಾಗದ ಪ್ಲಾಸ್ಟಿಕ್ ಅಷ್ಟು ಹಿಗ್ಗಲ್ಲ. ಆ ಎಳೆತ ಎಲ್ಲ ಅಂಚಿನಲ್ಲಿ ಸೇರಿಕೊಳ್ಳತ್ತೆ, ಅದಕ್ಕೇ ಪ್ಯಾಚ್ ಯಾವಾಗಲೂ ಅಂಚಿನಿಂದ ಏಳತ್ತೆ. ಎದ್ದ ಅಂಚಿಗೆ ಧೂಳು ಮೆತ್ತಿದರೆ ಮತ್ತೆ ಒತ್ತಿದರೂ ಹಿಡಿಯಲ್ಲ. ಮೂರನೇದು ತೇವ, ಅದೂ ಎರಡೂ ಕಡೆಯಿಂದ. ಹೊರಗಿನ ನೀರನ್ನ ಪ್ಲಾಸ್ಟಿಕ್ ತಡೆಯತ್ತೆ. ಆದ್ರೆ ಒಳಗಿನ ಬೆವರು ಎಲ್ಲಿ ಹೋಗಬೇಕು? ಅಂಟು ಮತ್ತು ಚರ್ಮದ ನಡುವೆ ತೆಳು ನೀರಿನ ಪದರ ನಿಂತರೆ ಅಲ್ಲಿ ಹಿಡಿತವೇ ಇಲ್ಲ. ಸ್ಟಿಕ್ಕರ್ ಟಿಕಳಿ ಬೇಸಿಗೆಯಲ್ಲಿ ಹಣೆಯಿಂದ ಜಾರೋದೂ ಇದೇ ಕಾರಣಕ್ಕೆ.

ಹಾಗಾದ್ರೆ ಸರಿಯಾದ ಟೆಸ್ಟ್ ಹೇಗಿರಬೇಕು?

ಸ್ಟೀಲ್ ಬದಲು ಚರ್ಮದಂತೆ ಹಿಗ್ಗುವ ಸಿಲಿಕೋನ್ ರಬ್ಬರ್ ಹಾಳೆ ತಗೋಬಹುದು. ಅದನ್ನ ಮೋಟಾರಿನಿಂದ ಸಾವಿರಾರು ಸಲ ಎಳೆದು ಬಿಟ್ಟು, ಅಂಚು ಎಷ್ಟನೇ ಸಲಕ್ಕೆ ಎದ್ದಿತು ಅಂತ ನೋಡಬಹುದು. ಉಪ್ಪು, ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಸೇರಿಸಿದ ಕೃತಕ ಬೆವರನ್ನ ಕೆಳಗಿನಿಂದ ಜಿನುಗಿಸಬಹುದು. ಪ್ಯಾಚ್ ಉಸಿರಾಡತ್ತಾ ಅಂತ ತಿಳಿಯೋಕೆ ಒಂದು ಬಟ್ಟಲಲ್ಲಿ ನೀರು ಹಾಕಿ, ಬಾಯಿಗೆ ಪ್ಯಾಚ್ ಮುಚ್ಚಿ, 24 ಗಂಟೆಯಲ್ಲಿ ಎಷ್ಟು ತೂಕ ಕಡಿಮೆ ಆಯ್ತು ಅಂತ ನೋಡಿದರೆ ಸಾಕು. ಇವನ್ನೆಲ್ಲ 23 ಡಿಗ್ರಿಯಲ್ಲೂ ಮಾಡಬೇಕು, 40ರಲ್ಲೂ ಮಾಡಬೇಕು.

ಕೊನೆಗೆ ಮನುಷ್ಯರ ಮೇಲೆ ಪರೀಕ್ಷೆ ಆಗಲೇಬೇಕು. ಅಲ್ಲಿ ಎಫ್‌ಡಿಎ ಬಳಸೋ ಸ್ಕೋರ್ ಸರಳವಾಗಿದೆ. 90% ಅಥವಾ ಹೆಚ್ಚು ಅಂಟಿದ್ದರೆ 0. 75ರಿಂದ 90ರೊಳಗೆ 1. 50ರಿಂದ 75ರೊಳಗೆ 2. ಅರ್ಧಕ್ಕಿಂತ ಕಡಿಮೆ ಅಂಟಿದ್ದರೆ 3. ಪೂರ್ತಿ ಬಿದ್ದರೆ 4. ಆದ್ರೆ ಎಸಿ ರೂಮಿನಲ್ಲಿ ಕೂತವರ ಸ್ಕೋರ್ 0 ಬಂದರೆ, ಹೊಲದಲ್ಲಿ ದುಡಿಯೋರಿಗೂ 0 ಬರತ್ತೆ ಅಂತ ಹೇಗೆ ಹೇಳೋದು? ನಮ್ಮ ವಾದ ಇಷ್ಟೇ: ಔಷಧಿ ಯಾರ ಮೈಮೇಲೆ ಇರತ್ತೋ, ಅವರ ಬಿಸಿಲು, ಅವರ ಕೆಲಸ, ಅವರ ಬೆವರು ಟೆಸ್ಟ್‌ನಲ್ಲೂ ಇರಬೇಕು.

ನೀವೂ ಮಾಡಿ ನೋಡಿ

ಔಷಧಿ ಇರೋ ಪ್ಯಾಚ್ ದಯವಿಟ್ಟು ಬೇಡ, ಸಾದಾ ಸರ್ಜಿಕಲ್ ಟೇಪ್ ಸಾಕು. ಮೊಣಕೈ ಹಿಂದೆ ಪೆನ್ನಿನಿಂದ 5 ಸೆಂಟಿಮೀಟರ್ ದೂರದಲ್ಲಿ ಎರಡು ಚುಕ್ಕೆ ಇಡಿ, ಕೈ ಮಡಚಿ ಮತ್ತೆ ಅಳೆಯಿರಿ. ಚರ್ಮದ ಸ್ಟ್ರೇನ್ ನಿಮಗೇ ಸಿಗತ್ತೆ. ಆಮೇಲೆ ಅಷ್ಟೇ ಉದ್ದದ ಟೇಪ್ ತುಂಡುಗಳನ್ನ ಒಂದು ಮೊಣಕೈ ಮೇಲೆ, ಇನ್ನೊಂದು ಮೇಲ್ತೋಳಿನ ಮೇಲೆ ಅಂಟಿಸಿ ಒಂದು ಗಂಟೆ ಕ್ರಿಕೆಟ್ ಆಡಿ. ಮೇಲಿನ ಸ್ಕೋರ್ ಪ್ರಕಾರ ಅಂಕ ಕೊಡಿ.

ಮನೆಯಲ್ಲಿ ಯಾರಾದರೂ ನಿಜವಾದ ಪ್ಯಾಚ್ ಬಳಸ್ತಿದ್ದರೆ ಇಷ್ಟು ಹೇಳಿ. ಕೊಬ್ಬರಿ ಎಣ್ಣೆ, ಪೌಡರ್, ಬೆವರು ಇಲ್ಲದ ಒಣ ಚರ್ಮದ ಮೇಲೆ, ಹೆಚ್ಚು ಮಡಚದ ಜಾಗದಲ್ಲಿ ಅಂಟಿಸಬೇಕು. ಅಂಗೈಯಿಂದ ಒತ್ತಿ ಸ್ವಲ್ಪ ಹೊತ್ತು ಹಿಡಿಯಬೇಕು. ಬಿದ್ದುಹೋದರೆ ಏನು ಮಾಡಬೇಕು ಅಂತ ಡಾಕ್ಟರನ್ನ ಮೊದಲೇ ಕೇಳಿಟ್ಟುಕೊಳ್ಳಬೇಕು. ತೆಗೆದ ಪ್ಯಾಚನ್ನ ಅಂಟು ಒಳಗೆ ಬರೋ ಹಾಗೆ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಕಬೇಕು.