ಮಲೆಯ ಮೇವು, ಕುರುಬರ ಆತಿಥ್ಯ

1965ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿ ಜಿಲ್ಲೆಯ ಪಶ್ಚಿಮದಲ್ಲಿ, ಪೆನ್ನಾಗರದಿಂದ ಕಾವೇರಿಯವರೆಗೆ ಕುರುಚಲು ಕಾಡಿನ ಗುಡ್ಡಗಳು ಹಬ್ಬಿವೆ. ಹೊಗೇನಕಲ್ ಎಂಬ ಅಚ್ಚಗನ್ನಡದ ಹೆಸರು ಇಲ್ಲಿ ನಿಂತಿರುವಂತೆ, ಈ ಸೀಮೆಯ ಕುರುಬರ ಮನೆಗಳಲ್ಲಿ ಕನ್ನಡವೂ ನಿಂತಿದೆ. ಈ ಗುಡ್ಡಗಳಲ್ಲಿ ನಡೆದಾಡಿದವರು ಕುರುಬರ ಆತಿಥ್ಯವನ್ನು ಕೊಂಡಾಡುವುದುಂಟು. ನಾವೂ ಅದನ್ನು ಉಂಡವರೇ. ಆದರೆ ಆ ಔದಾರ್ಯವು ಎಂತಹ ಬಾಳಿನಿಂದ ಹುಟ್ಟಿತೆಂಬುದನ್ನೂ ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ಸೇಲಂ ಜಿಲ್ಲೆಯ ಮೇಚೇರಿ ಊರು ಒಂದು ಕುರಿಯ ತಳಿಗೆ ಹೆಸರು ಕೊಟ್ಟಿದೆ. ತಿಳಿಗಂದು ಬಣ್ಣದ, ಕೊಂಬಿಲ್ಲದ ಈ ಕುರಿಗೆ ಉಣ್ಣೆಯಿಲ್ಲ, ಕಿರುಗೂದಲು ಮಾತ್ರ. ಕಂಬಳಿಗೆ ಒದಗದಿದ್ದರೂ ಮಾಂಸಕ್ಕೂ ಚರ್ಮಕ್ಕೂ ಇದು ಹೆಸರಾಗಿದೆ. ಇದಲ್ಲದೆ ಕುರಿಮಂದೆಯಿಂದ ಬೇಸಾಯಕ್ಕೂ ಉಪಕಾರವುಂಟು. ಕೊಯ್ಲಾದ ಮೇಲೆ ಮಂದೆಯು ಬಯಲಿಗಿಳಿದು ಕೂಳೆಯನ್ನು ಮೇಯುತ್ತದೆ. ರಾತ್ರಿ ಅದನ್ನು ರೈತನ ಹೊಲದಲ್ಲಿಯೇ ನಿಲ್ಲಿಸುತ್ತಾರೆ. ಹಿಕ್ಕೆಯೊಡನೆ ಗಂಜಲವೂ ಮಣ್ಣಿಗಿಳಿದು ಹೊಲ ಹದವಾಗುತ್ತದೆ. ಪ್ರತಿಯಾಗಿ ಕುರುಬನಿಗೆ ಧಾನ್ಯವೋ ಹಣವೋ ದೊರೆಯುತ್ತದೆ. ಪೈರು ಎದ್ದಾಗ ಮಾತ್ರ ಮಂದೆಗೆ ಬಯಲಿನಲ್ಲಿ ಎಡೆಯಿಲ್ಲ; ಆಗ ಗುಡ್ಡವೇ ಗತಿ.

ಹೀಗೆ ಅನ್ಯರ ನೆಲದಲ್ಲಿ ಇರುಳು ಕಳೆಯುವವನಿಗೆ ದಾರಿಹೋಕನ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಂದೆಯನ್ನು ಬಿಟ್ಟು ಹೋಗಲಾರದ ಅವನಿಗೆ ದಾರಿಹೋಕನು ಸುದ್ದಿ ತರುವವನೂ ಹೌದು. ನಮಗೆ ರಾಗಿ ಅಂಬಲಿಯನ್ನು ನೀಡಿದ ಹಿರಿಯರೊಬ್ಬರು ಮೊದಲು ಕೇಳಿದ್ದು ನಮ್ಮ ಹೆಸರನ್ನಲ್ಲ: “ಸ್ವಾಮಿ, ನೀವು ಬಂದ ದಾರೀಲಿ ಕುಂಟೇಲಿ ನೀರೈತಾ?” ಅವರು ಬಡಿಸಿದ್ದು ಹೊತ್ತು ತಂದ ಬುತ್ತಿಯ ತಮ್ಮದೇ ಪಾಲು. ಆದುದರಿಂದ ಗುಡ್ಡಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯೊಡನೆ ತಮ್ಮ ಬುತ್ತಿಯನ್ನೂ ನೀರನ್ನೂ ಒಯ್ಯತಕ್ಕದ್ದು.

ಈಗ ಆ ಗುಡ್ಡದ ಮೇವಿಗೇ ಇಕ್ಕಟ್ಟು ಬಂದಿದೆ. 2022ರ ಮಾರ್ಚಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನ, ವನ್ಯಧಾಮ ಹಾಗೂ ಹುಲಿಧಾಮಗಳಲ್ಲಿ ದನಕರು ಮೇಯಿಸುವುದನ್ನು ನಿಷೇಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಸುಮಾರು 686 ಚದರ ಕಿಲೋಮೀಟರು ಕಾಡು ಕಾವೇರಿ ದಕ್ಷಿಣ ವನ್ಯಧಾಮವೆನಿಸಿತು. ಸಸಿಗಳೂ ಆನೆಗಳೂ ಉಳಿಯಬೇಕೆಂಬುದು ನ್ಯಾಯವೇ. ಆದರೆ ಪೈರಿನ ಕಾಲದಲ್ಲಿ ಗುಡ್ಡವು ಮುಚ್ಚಿದರೆ ಮಂದೆಯನ್ನು ಮಾರಬೇಕಾಗುವುದು. ಮಂದೆ ಹೋದರೆ ಹೊಲದ ಗೊಬ್ಬರವೂ ಹೋಗುವುದು.

2006ರ ಅರಣ್ಯ ಹಕ್ಕು ಕಾಯಿದೆಯು ಮೇವಿನ ಹಕ್ಕನ್ನು ಮನ್ನಿಸುತ್ತದೆ. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರುಗಳ, ಎಂದರೆ 75 ವರ್ಷಗಳ, ಕಾಡಿನ ನಂಟನ್ನು ತೋರಿಸಬೇಕು. ಬೇಡಿಕೆಯನ್ನು ಮೊದಲು ವಿಚಾರಿಸುವುದು ಗ್ರಾಮಸಭೆ. ಹಿರಿಯರ ಮಾತನ್ನು ಬರೆದಿಟ್ಟರೆ ಅದೂ ಒಂದು ಸಾಕ್ಷ್ಯ.

ಆ ಹಿರಿಯರು ನುಡಿಯುವುದು ಕನ್ನಡ. ಅರ್ಜಿ ಹೋಗುವುದು ತಮಿಳಿನಲ್ಲಿ. ಎರಡನ್ನೂ ಬಲ್ಲ ನಮ್ಮ ಮಕ್ಕಳು ಅವರ ಬಳಿ ಕುಳಿತು, ಮಂದೆಯ ದಾರಿ, ನೀರಿನ ತಾಣ, ದೊಡ್ಡಿಗಳ ಹೆಸರುಗಳನ್ನು ಬರೆದುಕೊಡಲಿ. ಉಂಡ ಅಂಬಲಿಯ ಋಣಕ್ಕೆ ಇದಕ್ಕಿಂತ ಉಚಿತವಾದ ಪ್ರತ್ಯುಪಕಾರವು ನಮಗೆ ಕಾಣದು.